ಎರಡನೇ ಭಾಗದ ಗಂಟೆ

ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಮುನಿಸ್ವಾಮಪ್ಪನ ಎದೆ ಧಸಕ್ಕೆಂದದ್ದು ಒಂದು ಮೊಬೈಲ್ ಫೋನಿನಿಂದ. ಫೋನು ಆಟೋ ಗೋಪಿಯದು. 'ಕರಿಗಾಳಿ' ಎರಡನೇ ಭಾಗದ ಟ್ರೈಲರನ್ನು ಅಂದು ಬೆಳಿಗ್ಗೆ ತಾನೇ ಬಿಟ್ಟಿದ್ದರು. ಗೋಪಿ ಅದನ್ನು ಆರನೇ ಸಲವೋ ಏಳನೇ ಸಲವೋ ಹಾಕಿ ಕಂಡಕಂಡವರ ಮೂಗಿನ ಮುಂದೆ ಹಿಡಿಯುತ್ತಿದ್ದ.

"ನೋಡ್ರಲಾ, ನಮ್ ಸೈನೈಡ್ ದಿಬ್ಬ! ಎರಡು ಸಾವಿರದ ತೊಂಬತ್ತನೇ ಇಸವಿಯಂತೆ. ಭೂಮಿ ಮ್ಯಾಲೆ ಗಾಳಿನೇ ಇಲ್ಲ, ಎಲ್ಲಾ ವಿಷ. ಸಾವ್ಕಾರ್ರು ಗಾಜಿನ ಮನೇಲಿ, ಬಡವ್ರು ಗಣಿ ಒಳಗೆ. ಉಸಿರಿಗೂ ರೇಷನ್ನು ಕಣ್ಲಾ!"

ಮುನಿಸ್ವಾಮಪ್ಪ ನಕ್ಕ. ಮೊದಲ ಭಾಗ ಬಂದಾಗ ಇಡೀ ಕೆ.ಜಿ.ಎಫ್. ಹುಚ್ಚೆದ್ದು ಕುಣಿದಿತ್ತು. ಗಣಿಯ ಪುಡಿಮಣ್ಣು ಸುರಿದು ಎದ್ದ ತಮ್ಮೂರಿನ ಬೋಳು ದಿಬ್ಬಗಳು, ಗಣಿ ಮುಚ್ಚಿದ ಮೇಲೆ ನಾಯಿಯೂ ಮೂಸದ ಜಾಗ, ಪರದೆಯ ಮೇಲೆ ಬೇರೊಂದು ಲೋಕದ ಹಾಗೆ ಕಂಡರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಅವನೂ ಕತ್ತು ಚಾಚಿ ನೋಡಿದ. ಗಣಿ ಕುಸಿಯುತ್ತಿತ್ತು. ಧೂಳಿನಲ್ಲಿ ಆಳುಗಳು ಉಸಿರಿಗಾಗಿ ಬಾಯಿ ಬಾಯಿ ಬಿಡುತ್ತಿದ್ದರು. ಆಗ ಗಂಟೆ ಹೊಡೆಯಿತು.

ಠಣ್ ಠಣ್ ಠಣ್. ಒಂದು ಬಿಡುವು. ಠಣ್.

ಮುನಿಸ್ವಾಮಪ್ಪ ಫೋನಿನ ಹತ್ತಿರ ಕಿವಿ ತಂದ. "ಇನ್ನೊಂದ್ ಕಿತಾ ಆಕ್ಲಾ," ಎಂದ. ಗೋಪಿ ಹಾಕಿದ. ಮೂರು, ಬಿಡುವು, ಒಂದು. ಕೊನೆಯ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಅದು ಅವನದೇ ಕೈ. ಚಾಂಪಿಯನ್ ರೀಫ್ಸಿನಲ್ಲಿ ಗಣಿಯ ಆಳುಗಳ ಲೈನು ಮನೆಗಳಲ್ಲಿ ಆ ತಡವನ್ನು ಕೇಳಿಯೇ "ಇವತ್ತು ಮುನಿಸ್ವಾಮಪ್ಪನ ಪಾಳಿ" ಎಂದು ಹೇಳುವವರಿದ್ದರು. ಈಗಲೂ ಒಂದಷ್ಟು ಜನ ಬದುಕಿದ್ದಾರೆ. ಅವರಲ್ಲಿ ಒಬ್ಬಳು ಅವನ ಗೋಡೆಗೆ ಗೋಡೆ ತಾಗಿದ ಮನೆಯ ಕೆಂಪಮ್ಮ.

ಕ್ಯಾನಿನಿಂದ ಹಾಲು ಅವನ ಪಾದದ ಮೇಲೆ ಚೆಲ್ಲಿದ್ದು ಅವನಿಗೆ ಗೊತ್ತೇ ಆಗಲಿಲ್ಲ. "ತಾತಾ, ಆಲು! ಆಲು!" ಎಂದು ಗೋಪಿ ಕೂಗಿಕೊಂಡ.

ಮುನಿಸ್ವಾಮಪ್ಪ ಬೇವಿನಮರದ ಶಾಫ್ಟಿನಲ್ಲಿ ಇಪ್ಪತ್ತು ವರ್ಷ ಗಂಟೆಯವನಾಗಿದ್ದವನು. ಶಾಫ್ಟಿನ ಬಾಯಿಯಲ್ಲಿ ನಿಂತು, ಆಳುಗಳನ್ನು ಇಳಿಸಿ ಏರಿಸುವ ಕೇಜು ಯಾವಾಗ ಹೊರಡಬೇಕು, ಯಾವಾಗ ನಿಲ್ಲಬೇಕು ಎಂದು ಗಂಟೆ ಹೊಡೆದು ಹೇಳುವುದು ಅವನ ಕೆಲಸ. ಆ ಗಂಟೆ ಕಂಪನಿಯದಾದರೂ ಕೇಳುತ್ತಿದ್ದುದು ಲೈನಿನ ಹೆಂಗಸರು. ಮೂರು-ಒಂದು ಹೊಡೆದರೆ ಆಳು ಮೇಲೆ ಬಂದರೆಂದು ಅರ್ಥ. ಅದನ್ನು ಕೇಳಿದ ಕೂಡಲೇ ಹೆಂಗಸರು ಗಂಡನ ಸ್ನಾನಕ್ಕೆ ಒಲೆಗೆ ಸೌದೆ ಒಟ್ಟುತ್ತಿದ್ದರು. ಬಿಡುವಿಲ್ಲದೆ ಒಂಬತ್ತು ಹೊಡೆದರೆ ಒಳಗೆ ಅಪಾಯ. ಆಗ ಒಲೆ ಬಿಟ್ಟು, ಮಗು ಬಿಟ್ಟು, ಶಾಫ್ಟಿನ ಕಡೆ ಓಡುತ್ತಿದ್ದರು. ರಕ್ಷಣೆಯ ತಂಡದವರೂ ಆ ಒಂಬತ್ತನ್ನು ಕೇಳಿದರೇನೇ ಬರುತ್ತಿದ್ದುದು. ಗಂಟೆ ಸುಳ್ಳು ಹೇಳಬಹುದು ಎಂಬ ಯೋಚನೆ ಲೈನಿನಲ್ಲಿ ಯಾರಿಗೂ ಕನಸಿನಲ್ಲೂ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಸಿನಿಮಾದವರು ಎರಡನೇ ಭಾಗಕ್ಕೆಂದು ಬಂದಾಗ, ಕಿವಿಗೆ ದಪ್ಪ ಹೆಡ್‌ಫೋನ್ ಏರಿಸಿಕೊಂಡ ಶಬ್ದದ ಕೆಲಸದವನೊಬ್ಬ ಅವನನ್ನು ಹುಡುಕಿಕೊಂಡು ಬಂದಿದ್ದ. "ಯಜಮಾನ್ರೇ, ಅಪಾಯದ ಗಂಟೆ ಹೇಗಿರ್ತಿತ್ತೋ ಹಾಗೇ ಹೊಡೆದು ತೋರಿಸಿ," ಎಂದು ಕೈಮುಗಿದು ಕೇಳಿದ. ಸೆಟ್ಟಿನಲ್ಲಿ ಹಳೆಯ ಗಂಟೆಯೊಂದನ್ನು ನೇತು ಹಾಕಿದ್ದರು. ಅಷ್ಟು ವರ್ಷಗಳ ಮೇಲೆ ಗಂಟೆಯ ಹಗ್ಗ ಅಂಗೈಗೆ ತಾಗಿದಾಗ ಮುನಿಸ್ವಾಮಪ್ಪನಿಗೆ ಮೈಯೆಲ್ಲ ಜುಮ್ಮೆಂದಿತ್ತು. ಕಣ್ಣು ಮುಚ್ಚಿ ಹೊಡೆದ. ಎಲ್ಲರೂ ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ತಾನು ಒಂಬತ್ತು ಹೊಡೆದೆನೆಂದೇ ಅವನು ಇಲ್ಲಿಯವರೆಗೂ ತಿಳಿದಿದ್ದ. ಮುಠ್ಠಾಳ ಕೈ! ಅಪಾಯ ಅಂದ ತಕ್ಷಣ ಅದಕ್ಕೆ ನೆನಪಾದದ್ದು ಮೂವತ್ತೆರಡು ವರ್ಷದ ಹಿಂದಿನ ಆ ಒಂದು ದಿನ, ಆ ದಿನ ಹೊಡೆದ ಸುಳ್ಳು ಗಂಟೆ.

ಆ ದಿನದ ಮಾತನ್ನು ಅವನು ಹೆಂಡತಿ ಚಿಕ್ಕವೆಂಕಟಮ್ಮನಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಹತ್ತರ ಸುಮಾರಿಗೆ, ರಿಪೇರಿಗೆಂದು ಇಳಿದಿದ್ದ ನಾಲ್ವರು ಇನ್ನೇನು ಮೇಲೆ ಬರಬೇಕಿದ್ದ ಹೊತ್ತಿಗೆ, ನೆಲ ನಡುಗಿತ್ತು. ಒಳಗೆ ಬಂಡೆ ಸಿಡಿದಿತ್ತು. ಹಾಗೆ ನಡುಗುವುದು ಆಗ ಹೊಸದೇನಲ್ಲ. ವಾರಕ್ಕೊಂದು ಸಲ ನೆಲುವಿನ ಮೇಲಿನ ಪಾತ್ರೆಗಳು ಸದ್ದು ಮಾಡುತ್ತಿದ್ದವು, ಗಂಟೆ ಹೊಡೆಯದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮುನಿಸ್ವಾಮಪ್ಪ ಒಂಬತ್ತು ಹೊಡೆಯಲು ಹಗ್ಗಕ್ಕೆ ಕೈ ಹಾಕಿದಾಗ ಪಾಳಿಯ ಮೇಲಿನ ಸಾಹೇಬ ಓಡಿ ಬಂದು ಕೈ ಹಿಡಿದ. ದಿಲ್ಲಿಯಿಂದ ದೊಡ್ಡವರು ಬಂದು ಬಂಗಲೆಯಲ್ಲಿ ಕೂತಿದ್ದರಂತೆ. ಈಗ ಹೆಂಗಸರೆಲ್ಲ ಬಾಯಿ ಬಡಿದುಕೊಂಡು ಬಂದರೆ ಮಾನ ಹೋಗುತ್ತದೆ, ಅವರ ಕಾರು ಗೇಟು ದಾಟುವವರೆಗೆ ತಡಿ, ಲೈನಿನವರಿಗೆ ಅನುಮಾನ ಬಾರದ ಹಾಗೆ ಮೂರು-ಒಂದು ಹೊಡಿ ಎಂದ. ಹೊಡೆಯದಿದ್ದರೆ ನಾಳೆಯಿಂದ ಬರಬೇಡ ಎಂದ. ಚಿಕ್ಕವೆಂಕಟಮ್ಮ ಆಗ ಏಳು ತಿಂಗಳ ಬಸುರಿ. ಮುನಿಸ್ವಾಮಪ್ಪ ಹೆದರಿದ. ಹೆದರಿ, ಮೂರು-ಒಂದು ಹೊಡೆದ. ಖಾಲಿ ಕೇಜು ಮೇಲೆ ಬಂತು.

ಆಮೇಲೆ ಪೈಪಿನ ಸದ್ದು ಶುರುವಾಯಿತು. ಒಳಗಿನವರಿಗೆ ಗಾಳಿ ಒಯ್ಯುವ ಕಬ್ಬಿಣದ ಪೈಪು ಶಾಫ್ಟಿನ ಗೋಡೆಗುಂಟ ಪಾತಾಳದವರೆಗೆ ಇಳಿದಿತ್ತು. ಯಾರೋ ಕೆಳಗಿನಿಂದ ಅದನ್ನು ಕುಟ್ಟುತ್ತಿದ್ದರು. ನಲವತ್ತು ನಿಮಿಷ ಮುನಿಸ್ವಾಮಪ್ಪ ಅದನ್ನು ಕೇಳುತ್ತಾ ನಿಂತ. ಕಾರು ಗೇಟು ದಾಟಿ ಸಾಹೇಬ ಕೈ ಬೀಸುವ ಹೊತ್ತಿಗೆ ಪೈಪು ಸುಮ್ಮನಾಗಿತ್ತು. ಆಗ ಅವನು ಒಂಬತ್ತು ಹೊಡೆದ.

ಮೂರನೇ ದಿನ ನಾಲ್ಕು ಹೆಣ ಮೇಲೆ ಬಂದವು. ಒಂದು ಕೆಂಪಮ್ಮನ ಗಂಡ ಆಂಜನಪ್ಪನದು. ಎಲ್ಲರೂ ಗೋಳಾಡುತ್ತಿದ್ದರೆ ಕೆಂಪಮ್ಮ ಮಾತ್ರ ಕಲ್ಲಿನಂತೆ ಕೂತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಮೂರು-ಒಂದು ನಾನೇ ಕೇಳಿವ್ನಿ. ನೀರು ಕಾಯಿಸಿವ್ನಿ. ನಮ್ಮೋರು ಮ್ಯಾಲೆ ಬಂದಿದ್ರು. ಮಿಕ್ಕೋರು ಸಿಕ್ಕೊಂಡವ್ರೆ ಅಂತ ವಾಪಸ್ ಇಳಿದವ್ರೆ. ಅಂಗೇ ಅಲ್ವೇನಣ್ಣಾ?"

ಮುನಿಸ್ವಾಮಪ್ಪ ಹೌದು ಅನ್ನಲಿಲ್ಲ. ಇಲ್ಲ ಅನ್ನಲೂ ಇಲ್ಲ. ತಲೆ ತಗ್ಗಿಸಿ ನಿಂತ. ಅಷ್ಟೇ ಸಾಕಾಯಿತು. ಸಾಯಂಕಾಲದೊಳಗೆ ಆ ಮಾತು ಲೈನೆಲ್ಲ ಹರಡಿತು. ಆಂಜನಪ್ಪ ಜೀವ ಕೊಟ್ಟ ಮನುಷ್ಯನಾದ. ಗಣಿ ಕಾರ್ಮಿಕರ ಸಂಘದವರು ಅವನ ಫೋಟೋ ತೂಗುಹಾಕಿದರು. ಮಗಳು ರಾಧಳನ್ನು ಗಂಡಿನ ಕಡೆಯವರು ಕೇಳಿಕೊಂಡು ಬಂದಾಗ "ಆಂಜನಪ್ಪನ ಮಗಳು ಅಂದ ಮೇಲೆ ಇನ್ನೇನು ವಿಚಾರಿಸೋದು" ಎಂದರು. ಕೆಂಪಮ್ಮ ಮೂವತ್ತೆರಡು ವರ್ಷ ತಲೆಯೆತ್ತಿ ಬದುಕಿದ್ದೇ ಆ ಮಾತಿನ ಮೇಲೆ. ಮುನಿಸ್ವಾಮಪ್ಪನನ್ನು ಅಣ್ಣ ಅಂದಳು. ಅವನು ವರ್ಷವರ್ಷವೂ ಗೌರಿ ಹಬ್ಬಕ್ಕೆ ತವರಿನ ಸೀರೆ ಕೊಟ್ಟ. ಸಾಹೇಬ ಸತ್ತ, ಕೇಜಿನ ಎಂಜಿನ್ನು ನಡೆಸುತ್ತಿದ್ದವನೂ ಸತ್ತ. ನಿಜ ಗೊತ್ತಿದ್ದುದು ಈಗ ಮುನಿಸ್ವಾಮಪ್ಪನೊಬ್ಬನಿಗೇ.

ಈಗ ಹಾಳಾದ ಸಿನಿಮಾ ಅದನ್ನು ಬಯಲಿಗೆ ಎಳೆಯುತ್ತಿತ್ತು. ಆಳು ಒಳಗೆ ಸಾಯುತ್ತಿದ್ದಾರೆ, ಮೇಲೆ ಮೂರು-ಒಂದು ಹೊಡೆಯುತ್ತಿದೆ. ಪಟ್ಟಣದ ಜನಕ್ಕೆ ಅದು ಬರೀ ಗಂಟೆ. ಕೆಂಪಮ್ಮನಿಗೆ?

ಸಿನಿಮಾ ಬಿಡುಗಡೆಯಾಗುವವರೆಗಿನ ಹತ್ತು ದಿನ ಮುನಿಸ್ವಾಮಪ್ಪ ಸರಿಯಾಗಿ ಊಟ ಮಾಡಲಿಲ್ಲ. ಯಾರದೋ ಫೋನು ಸದ್ದು ಮಾಡಿದರೂ ಬೆಚ್ಚಿ ಬೀಳುತ್ತಿದ್ದ. ಹುಡುಗರು ಆ ಗಂಟೆಯನ್ನೇ ಹಿಡಿದುಕೊಂಡು ಹೊಸ ಆಟ ಶುರು ಮಾಡಿದ್ದರು. ಗಂಟೆ ಹೊಡೆದ ಕೂಡಲೇ ಉಸಿರು ಬಿಗಿ ಹಿಡಿದು ದೊಪ್ಪನೆ ಬೀಳುವುದು, ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಕಳಿಸುವುದು. ಆಂಡರ್ಸನ್‌ಪೇಟೆಯ ಬಸ್ ಸ್ಟಾಪಿನಲ್ಲಿ, ಕಾಲೇಜಿನ ಮುಂದೆ, ಎಲ್ಲೆಲ್ಲೂ ಅದೇ. ಕೆಂಪಮ್ಮನಿಗೆ ಕಿವಿ ಸ್ವಲ್ಪ ಮಂದ, ಫೋನಿನ ಕೀರಲು ಸದ್ದು ಅವಳಿಗೆ ಸರಿಯಾಗಿ ಕೇಳುವುದಿಲ್ಲ. ಆ ಪುಣ್ಯವೊಂದೇ ಅವನನ್ನು ಕಾಪಾಡಿತ್ತು. ಥಿಯೇಟರಿನಲ್ಲಿ ಹಾಗಾಗುತ್ತದೆಯೇ? ಅಲ್ಲಿ ಕಿವುಡನ ಎದೆಯೂ ಅದುರುತ್ತದೆ.

"ಅದೇನಂತ ಅಮಾಸೆ ಮಕ ಮಾಡ್ಕಂಡ್ ಕೂತಿದ್ದೀಯ? ಅಸೂಗೆ ಬೂಸಾ ಆಕಿಲ್ಲ, ನೀನೂ ತಿಂದಿಲ್ಲ," ಎಂದು ಚಿಕ್ಕವೆಂಕಟಮ್ಮ ಗದರಿದಳು.

"ಒಟ್ಟೆ ಸರಿ ಇಲ್ಲ ಕಣೇ."

"ಒಟ್ಟೆನೋ ತಲೆನೋ. ಯಾವ್ದೋ ದೆವ್ವ ಕಂಡೋನಂಗೆ ಆಡ್ತೀಯ."

ಶುಕ್ರವಾರ ಬೆಳಗಿನ ಆಟಕ್ಕೆ ಅವನೊಬ್ಬನೇ ಹೋದ. ಥಿಯೇಟರಿನ ಮುಂದೆ ತಮಟೆ, ಪಟಾಕಿ. ಕಟೌಟಿನ ಮೇಲೆ ಹತ್ತಿ ಗೋಪಿ ಹಾಲು ಸುರಿಯುತ್ತಿದ್ದ. ಆ ಹಾಲಿನಲ್ಲಿ ಮುನಿಸ್ವಾಮಪ್ಪನ ಹಸುವಿನದೂ ಇತ್ತು. ಒಳಗೆ ಹೋಗಿ ಕೂತರೆ ಮುಂದಿನ ಸಾಲಿನಲ್ಲಿ ಸೆಲ್ವರಾಜು. ಅವನೂ ಹಳೆಯ ಗಣಿಯ ಆಳು, ಬೇರೆ ಶಾಫ್ಟಿನವನು, ಒಳಗೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿದ್ದವನು.

ಗಣಿ ಕುಸಿಯಿತು. ಗಂಟೆ ಹೊಡೆಯಿತು. ಕುರ್ಚಿ ಅದುರಿತು, ಮುನಿಸ್ವಾಮಪ್ಪನ ಪಕ್ಕೆಲುಬೂ ಅದುರಿತು. ಹುಡುಗರೆಲ್ಲ ಉಸಿರು ಬಿಗಿ ಹಿಡಿದರು. ಆ ಮೌನದಲ್ಲಿ ಸೆಲ್ವರಾಜು ಎದ್ದು ನಿಂತು ಕೂಗಿದ:

"ಲೇಯ್, ಯಾವನ್ಲಾ ಅವನು ಗಂಟೆ ಹೊಡೆದೋನು? ಆಳೆಲ್ಲ ಒಳಗವ್ರೆ, ಇವನು ಮೂರು-ಒಂದು ಹೊಡೀತಾವ್ನೆ!"

ಅಲ್ಲಲ್ಲಿ ಕೂತಿದ್ದ ನಾಲ್ಕಾರು ಮುದುಕರು ಗೊಳ್ಳೆಂದು ನಕ್ಕರು. ಹುಡುಗರು "ಕೂತ್ಕೋ ತಾತಾ" ಎಂದು ಗದರಿದರು. ಮುನಿಸ್ವಾಮಪ್ಪನೂ ನಕ್ಕ. ನಗದೆ ಇದ್ದರೆ ಎಲ್ಲರೂ ತಿರುಗಿ ತನ್ನನ್ನೇ ನೋಡುತ್ತಾರೆ ಅನ್ನಿಸಿತ್ತು.

ಹೊರಗೆ ಬಂದಾಗ ಸೆಲ್ವರಾಜು ಅವನ ಹೆಗಲ ಮೇಲೆ ಕೈ ಹಾಕಿದ. "ಏನಪ್ಪಾ ಮುನಿಸ್ವಾಮಿ, ಆ ಗಂಟೆ ಅಸಲು ನಿನ್ ಕೈ ಮಾದಿರಿಯೇ ಇತ್ತಲ್ಲಪ್ಪಾ. ಆ ಕಡೇ ಪೆಟ್ಟು!"

"ಅದೆಲ್ಲ ಕಂಪ್ಯೂಟರ್‌ನಾಗೆ ಮಾಡ್ತಾರಂತೆ," ಎಂದ ಮುನಿಸ್ವಾಮಪ್ಪ.

ಅವತ್ತಿನಿಂದ ಅವನು ಆ ಚಿತ್ರದ ಶತ್ರುವಾದ. ಡೇರಿಯಲ್ಲಿ, ಟೀ ಅಂಗಡಿಯಲ್ಲಿ, ರೇಷನ್ ಸಾಲಿನಲ್ಲಿ, ಸಿಕ್ಕವರಿಗೆಲ್ಲ "ಡಬ್ಬಾ ಪಿಚ್ಚರ್ ಕಣ್ರಪ್ಪಾ, ತಲೆನೋವು. ಮೊದಲ್ನೇ ಭಾಗದ ಕಾಲು ಧೂಳಿಗೂ ಸಮ ಇಲ್ಲ" ಎಂದು ಸಾರಿದ. ಚಿತ್ರ ಬೇಗ ಎತ್ತಂಗಡಿಯಾದರೆ ತಾನು ಬದುಕಿದೆ ಎಂದು ಅವನ ಲೆಕ್ಕ. ಬೆಂಗಳೂರಿನ ವಿಮರ್ಶಕರೂ ಅವನ ಪುಣ್ಯಕ್ಕೆ ಹಾಗೇ ಬರೆದರು. ಕಥೆಗೆ ತಲೆಬುಡವಿಲ್ಲ, ಎರಡು ಮುಕ್ಕಾಲು ಗಂಟೆ ಬರೀ ಗುದ್ದಾಟ, ಹೆಸರು ಮಾಡಿದ ಚಿತ್ರದ ಬಾಲ ಹಿಡಿದು ಬಂದ ಇನ್ನೊಂದು ಚಿತ್ರ ಎಂದರು. ಐದಕ್ಕೆ ಒಂದೂವರೆ ಸ್ಟಾರ್ ಕೊಟ್ಟರು. ಶನಿವಾರಕ್ಕೆ ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಆಟ ಕಡಿಮೆ ಮಾಡಿದರಂತೆ. ಆದರೆ ಕೆ.ಜಿ.ಎಫ್., ಬಂಗಾರಪೇಟೆಯಲ್ಲಿ ಮಾತ್ರ ಕುರ್ಚಿ ಖಾಲಿ ಇರಲಿಲ್ಲ. ವಿಮರ್ಶಕರು ಬೈದಷ್ಟೂ ಇಲ್ಲಿನವರಿಗೆ ರೋಷ ಏರಿತು.

"ನಮ್ಮೂರ್ನ ಬೈದಂಗೆ ಅಲ್ವಾ ಅದು?" ಎಂದು ಗೋಪಿ ಟೀ ಅಂಗಡಿಯಲ್ಲಿ ಮುನಿಸ್ವಾಮಪ್ಪನ ಮುಂದೆ ಬಂದು ನಿಂತ. "ತಾತಾ, ನೀನು ಈ ಮಣ್ಣಿನೋನಾಗಿ ಇಂಗ್ ಮಾತಾಡ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

ಮುನಿಸ್ವಾಮಪ್ಪ ಟೀ ಲೋಟ ಕೆಳಗಿಟ್ಟು ಎದ್ದು ಬಂದ. ನಾಚಿಕೆಯೇ? ಅದು ಇವತ್ತಿನದಲ್ಲವಲ್ಲ.

ಭಾನುವಾರ ಬೆಳಿಗ್ಗೆ ಕೆಂಪಮ್ಮನ ಮೊಮ್ಮಗಳು ಲಿಖಿತ ಬಾಗಿಲಿಗೆ ಬಂದಳು. ಫ್ಯಾಕ್ಟರಿಯ ಬಸ್ಸಿನಲ್ಲಿ ದಿನಾ ಕೆಲಸಕ್ಕೆ ಹೋಗಿ ಬರುವ ಹುಡುಗಿ, ಇಪ್ಪತ್ತೊಂದು ವರ್ಷ, ಚುರುಕು ಅಂದರೆ ಚುರುಕು.

"ಮುನಿ ತಾತಾ, ರೆಡಿಯಾಗಿ. ಇಲ್ಲಿ ಟಿಕೆಟ್ ಸಿಗ್ಲಿಲ್ಲ, ಬಂಗಾರಪೇಟೆ ಟಾಕೀಸಲ್ಲಿ ಮ್ಯಾಟಿನಿಗೆ ಟಿಕೆಟ್ ಮಾಡಿಸಿದ್ದೀನಿ. ನಮ್ಮಜ್ಜಿ ಪಿಚ್ಚರ್‌ನಲ್ಲಿ ಕಾಣಿಸ್ತಾಳಂತೆ, ಮೂರು ಸೆಕೆಂಡು! ಲೈನಿನ ಹೆಂಗಸರ ಗುಂಪಲ್ಲಿ ನಿಲ್ಲಿಸಿದ್ರಲ್ಲ, ಅದನ್ನ ಇಟ್ಟವ್ರೆ. ನನ್ ಫ್ರೆಂಡು ನೋಡಿ ಹೇಳಿದ್ಲು."

ಮುನಿಸ್ವಾಮಪ್ಪ ಬಾಗಿಲಿಗೆ ಅಡ್ಡ ನಿಂತ. "ಬ್ಯಾಡ ಕಣಮ್ಮ. ಕೆಂಪಮ್ಮಂಗೆ ಆ ಸದ್ದು ಆಗಲ್ಲ. ಬಂಗಾರಪೇಟೆಗೆ ಓಗಾನ, ಚಾಟ್ ತಿನ್ಕೊಂಡು ಬರಾನ, ಪಿಚ್ಚರ್ ಯಾಕೆ? ಎಲ್ರೂ ಡಬ್ಬಾ ಅಂತಾವ್ರೆ..."

"ಎಲ್ರೂ ಅಲ್ಲ, ನೀನೊಬ್ನೇ ಅಂತಿರೋದು!" ಎಂದು ಕೆಂಪಮ್ಮ ಹಿಂದಿನಿಂದ ನಗುತ್ತಾ ಬಂದಳು. ಅವನು ಹಬ್ಬಕ್ಕೆ ಕೊಟ್ಟ ಹಸಿರು ಸೀರೆ ಉಟ್ಟಿದ್ದಳು. "ಬಾರಣ್ಣಾ. ಅಣ್ಣ ಇಲ್ದೆ ನಾನ್ ಓಗಲ್ಲ. ಜಲ್ಮದಲ್ಲಿ ಒಂದ್ಸಲ ಪರದೆ ಮ್ಯಾಲೆ ಬಂದಿವ್ನಿ, ನೋಡ್ದೇ ಇರಾಕಾಯ್ತದಾ?"

ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ಮುನಿಸ್ವಾಮಪ್ಪ, ರೈಲು ಕೆಟ್ಟು ನಿಲ್ಲಲಿ, ಕರೆಂಟು ಹೋಗಲಿ, ಮುನೇಶ್ವರಾ ಏನಾದರೂ ಮಾಡಪ್ಪಾ ಎಂದು ಬೇಡಿಕೊಂಡ. ಎದುರಿಗೆ ಕೂತಿದ್ದ ಹೆಂಗಸಿಗೆ ಕೆಂಪಮ್ಮ ಆಗಲೇ ಹೇಳತೊಡಗಿದ್ದಳು: "ನಮ್ ಯಜಮಾನ್ರೂ ಗಣೀಲೇ ಓಗಿದ್ದು ಕಣಮ್ಮ. ಮ್ಯಾಲೆ ಬಂದಿದ್ರು, ಉಳ್ಕೋಬೋದಾಗಿತ್ತು. ವಾಪಸ್ ಇಳಿದ್ರು. ಇವ್ರೇ ಗಂಟೆ ಒಡೆದೋರು, ಕೇಳಿ ಬೇಕಾದ್ರೆ." ಆ ಹೆಂಗಸು ಮುನಿಸ್ವಾಮಪ್ಪನ ಕಡೆ ಗೌರವದಿಂದ ನೋಡಿದಳು. ಅವನು ಕಿಟಕಿಯ ಆಚೆ ನೋಡಿದ.

ರೈಲು ಕೆಡಲಿಲ್ಲ. ಕರೆಂಟೂ ಹೋಗಲಿಲ್ಲ.

ಟಾಕೀಸಿನಲ್ಲಿ ಕೆಂಪಮ್ಮನನ್ನು ನಡುವೆ ಕೂರಿಸಿಕೊಂಡು ಒಂದು ಕಡೆ ಲಿಖಿತ, ಒಂದು ಕಡೆ ಅವನು ಕೂತರು. ಮೊದಲ ಅರ್ಧ ಗಂಟೆ ಕೆಂಪಮ್ಮ ಮಗುವಿನ ಹಾಗೆ ನೋಡಿದಳು. ಗಾಜಿನ ಮನೆಗಳು, ಹಾರುವ ಬಂಡಿಗಳು, ಉಸಿರನ್ನು ಸೀಸೆಯಲ್ಲಿ ಅಳೆದು ಕೊಡುವ ಯಂತ್ರಗಳು. "ಅಯ್ಯೋ ಶಿವನೇ, ಉಸಿರಿಗೂ ಬಂತಾ!" ಎಂದು ಬಾಯಿ ಮೇಲೆ ಬೆರಳಿಟ್ಟಳು. ಮುನಿಸ್ವಾಮಪ್ಪ ಪರದೆ ನೋಡುತ್ತಿರಲಿಲ್ಲ. ಶುಕ್ರವಾರ ನೋಡಿದ್ದರಿಂದ ಯಾವ ದೃಶ್ಯದ ಮೇಲೆ ಯಾವ ದೃಶ್ಯ ಎಂದು ಅವನಿಗೆ ಗೊತ್ತಿತ್ತು. ಈಗ ಮದುವೆ ಹಾಡು. ಈಗ ಲಾರಿ ಉರುಳುವುದು. ಇನ್ನೇನು ಬಂಡೆ ಸಿಡಿಯುತ್ತದೆ.

"ಕೆಂಪಮ್ಮ, ಈಚೆಗೆ ಓಗಿ ನೀರು ಕುಡ್ಕೊಂಡು ಬರಾನ?" ಎಂದ.

"ಸುಮ್ಕಿರಣ್ಣ, ಈಗ್ಲೇ ನಾನ್ ಬರೋದಂತೆ!"

ಪರದೆಯ ಮೇಲೆ ಗಣಿ ಕುಸಿಯಿತು. ಕತ್ತಲೆಯಲ್ಲಿ ಆಳುಗಳು ಒಬ್ಬರ ಮೇಲೊಬ್ಬರು ಬಿದ್ದು ಒದ್ದಾಡಿದರು. ಮೇಲೆ ಗಂಟೆ ಹೊಡೆಯಿತು. ಮೂರು, ಬಿಡುವು, ತಡವಾದ ಆ ಒಂದು. ಆಮೇಲೆ ಲೈನಿನ ಹೆಂಗಸರ ಗುಂಪು. ಅದರ ನಡುವೆ ಕೆಂಪಮ್ಮ.

"ಅಜ್ಜೀ, ನೀನು! ನೀನು!" ಎಂದು ಲಿಖಿತ ಚಪ್ಪಾಳೆ ತಟ್ಟಿದಳು.

ಕೆಂಪಮ್ಮ ತನ್ನ ಮುಖವನ್ನು ನೋಡಲಿಲ್ಲ. ಅವಳ ಬಲಗೈ ಸೀರೆಯ ಮೇಲೆ ಬೆರಳು ಮಡಿಸಿ ಎಣಿಸುತ್ತಿತ್ತು. ಮೂರು. ಒಂದು. ಎಣಿಸಿ ಮುಗಿದ ಮೇಲೂ ಬೆರಳು ಬಿಡಿಸಲಿಲ್ಲ. ಪರದೆಯ ಮೇಲೆ ಆಳುಗಳು ಇನ್ನೂ ಒಳಗೇ ಸಾಯುತ್ತಿದ್ದರು. ಮುನಿಸ್ವಾಮಪ್ಪ ಅವಳ ಉಸಿರನ್ನೇ ಕೇಳುತ್ತಾ ಕೂತ. ಇಂಟರ್ವಲ್ಲಿನವರೆಗೆ ಇಪ್ಪತ್ತು ನಿಮಿಷ ಇತ್ತು.

ದೀಪ ಹತ್ತಿದವು. ಲಿಖಿತ ಪಾಪ್‌ಕಾರ್ನ್ ತರುತ್ತೇನೆಂದು ಎದ್ದು ಹೋದಳು. ಸುತ್ತಲೂ ಗಲಾಟೆ. ಕೆಂಪಮ್ಮ ಮುಂದಿನ ಕುರ್ಚಿಯ ಬೆನ್ನನ್ನು ನೋಡುತ್ತಾ ಹೇಳಿದಳು:

"ಅದು ನಿನ್ ಕೈಯಿ."

"ಪಿಚ್ಚರ್‌ನೋರು ಒಡಿ ಅಂದ್ರು ಕಣಮ್ಮ. ಅವ್ರಿಗೇನ್ ಗೊತ್ತಾಯ್ತದೆ..."

"ಪಿಚ್ಚರ್ದು ಕೇಳ್ತಿಲ್ಲ ನಾನು. ಅವತ್ತಿಂದು ಕೇಳ್ತಿವ್ನಿ."

ಮುನಿಸ್ವಾಮಪ್ಪ ಹನ್ನೆರಡು ದಿನದಿಂದ ಹೊಂದಿಸಿಕೊಂಡಿದ್ದ ಸುಳ್ಳುಗಳೆಲ್ಲ ಒಂದೇ ಸಲಕ್ಕೆ ಬಾಯಿಗೆ ಬಂದವು. ಶಬ್ದದವನು ಉಲ್ಟಾ ಹಾಕಿದ್ದಾನೆ. ಕಂಪ್ಯೂಟರ್. ನಿನಗೆ ಕಿವಿ ಮಂದ. ಆಗ ಕೆಂಪಮ್ಮ ತಿರುಗಿ ಅವನ ಮುಖ ನೋಡಿದಳು. ಹೆದರಿದ್ದಳು. ಅವನಿಗಿಂತ ಹೆಚ್ಚು ಹೆದರಿದ್ದಳು. ಅದನ್ನು ನೋಡಿ ಅವನಿಗೆ ಸುಳ್ಳು ಹೇಳಲಾಗಲಿಲ್ಲ.

"ಕೇಜಲ್ಲಿ ಯಾರೂ ಇರ್ಲಿಲ್ಲ ಕೆಂಪಮ್ಮ. ಖಾಲಿ ಬಂತು."

"ಮತ್ಯಾಕೆ ಒಡೆದೆ?"

"ಒಡಿ ಅಂದ್ರು. ಕೆಲ್ಸ ಓಯ್ತದೆ ಅಂತ ಎದ್ರಿಕೆ. ಒಡೆದ್ಬಿಟ್ಟೆ."

"ಒಂಬತ್ತು ಯಾವಾಗ ಒಡೆದೆ?"

"ನಲವತ್ತು ನಿಮಿಷ ಆದ ಮ್ಯಾಲೆ."

ಹಿಂದಿನ ಸಾಲಿನವನೊಬ್ಬ ಸೀಟಿ ಹೊಡೆದ. ಕೆಂಪಮ್ಮ, ಕೇಳಬಾರದೆಂದು ಅವನು ಬೇಡಿಕೊಳ್ಳುತ್ತಿದ್ದುದನ್ನೇ ಕೇಳಿದಳು.

"ಒಳಗಿಂದ ಏನಾರ ಸದ್ದು ಬಂತಾ?"

ಇದೊಂದನ್ನು ಮುಚ್ಚಿಡಬಹುದಿತ್ತು. ಕೇಳಿದವರು ಇನ್ನಾರೂ ಇಲ್ಲ. "ಬಂತು," ಎಂದ. "ಪೈಪ್ ಕುಟ್ಟಿದ್ರು."

"ಎಲ್ಲೀಗಂಟ?"

"ನಾನು ಒಂಬತ್ತು ಒಡೆಯಾಕ್ ಮುಂಚೆ ನಿಂತೋಯ್ತು."

ಈಗ ಅವಳು ಚಪ್ಪಲಿ ತೆಗೆದುಕೊಂಡು ಹೊಡೆಯುತ್ತಾಳೆ, ಇಡೀ ಟಾಕೀಸಿಗೆ ಕೇಳುವಂತೆ ಕಿರುಚುತ್ತಾಳೆ ಎಂದು ಮುನಿಸ್ವಾಮಪ್ಪ ಕಾದ. ಹೊಡೆಯಲಿ ಎಂದೇ ಕಾದ. ಕೆಂಪಮ್ಮ ಹೊಡೆಯಲಿಲ್ಲ. ಪರದೆಯ ಮೇಲೆ ಬರುತ್ತಿದ್ದ ಸಿಮೆಂಟಿನ ಜಾಹೀರಾತನ್ನು ಕೊನೆಯವರೆಗೂ ನೋಡಿದಳು.

ಲಿಖಿತ ಪಾಪ್‌ಕಾರ್ನ್ ತಂದಳು. ದೀಪ ಆರಿದವು. ಎರಡನೇ ಅರ್ಧ ಶುರುವಾಯಿತು. ವಿಮರ್ಶಕರು ಹೇಳಿದ ಗುದ್ದಾಟವೆಲ್ಲ ಇದರಲ್ಲೇ ಇತ್ತು. ನಾಯಕ ಒಬ್ಬನೇ ಮೇಲಕ್ಕೆ ಬರುತ್ತಾನೆ. ಅವನ ಸೀಸೆಯಲ್ಲಿ ಒಬ್ಬನಿಗಾಗುವಷ್ಟು ಉಸಿರು. ಓಡಿ ಹೋಗು ಎಂದು ಎಲ್ಲರೂ ಹೇಳುತ್ತಾರೆ. ಅವನು ಒಂದು ಗಳಿಗೆ ಆಕಾಶ ನೋಡಿ, ತಿರುಗಿ ಶಾಫ್ಟಿಗೆ ಇಳಿಯುತ್ತಾನೆ. ಟಾಕೀಸು ಕಿತ್ತುಹೋಗುವ ಹಾಗೆ ಕೂಗಾಟ. ಲಿಖಿತಳ ಕಣ್ಣಲ್ಲಿ ನೀರು. ಅಜ್ಜಿಯ ತೋಳು ಹಿಡಿದುಕೊಂಡು ಕಿವಿಯ ಹತ್ತಿರ ಬಾಯಿಟ್ಟಳು.

"ಅಜ್ಜೀ, ನಮ್ ತಾತನೂ ಇಂಗೇ ಅಲ್ವಾ? ಇಂಗೇ ವಾಪಸ್ ಇಳಿದಿದ್ದಲ್ವಾ?"

ಮುನಿಸ್ವಾಮಪ್ಪ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದ. ಕೆಂಪಮ್ಮ ಇನ್ನು ಮೂರು ಮಾತಾಡಿದರೆ ಸಾಕು. ಮಗಳಿಗೆ, ಮೊಮ್ಮಗಳಿಗೆ, ಲೈನಿಗೆ, ಸಂಘಕ್ಕೆ, ಎಲ್ಲರಿಗೂ ಗೊತ್ತಾಗುತ್ತದೆ.

"ನನ್ಯಾಕ್ ಕೇಳ್ತೀಯ?" ಎಂದಳು ಕೆಂಪಮ್ಮ. ಧ್ವನಿ ಒಣಗಿತ್ತು. "ಕಣ್ಣಾರೆ ಕಂಡೋರು ಪಕ್ಕದಾಗೇ ಅವ್ರೆ. ಏಳಣ್ಣಾ. ಮಗೀಗೆ ಏಳು. ಅವ್ರು ಮ್ಯಾಲೆ ಬಂದ್ರು, ನೀನು ಮೂರು-ಒಂದು ಒಡೆದೆ, ಆಮ್ಯಾಕೆ ಅವ್ರು ವಾಪಸ್ ಇಳಿದ್ರು ಅಂತ ನಿನ್ ಬಾಯಾಗೇ ಏಳು."

ಮೂವತ್ತೆರಡು ವರ್ಷದಲ್ಲಿ ಅವನು ಆ ಸುಳ್ಳನ್ನು ಒಂದು ಸಲವೂ ಆಡಿರಲಿಲ್ಲ. ಬೇರೆಯವರು ಆಡಿದಾಗ ತಲೆ ತಗ್ಗಿಸಿದ್ದನೇ ಹೊರತು ಅವನ ನಾಲಿಗೆ ಅದನ್ನು ಮುಟ್ಟಿರಲಿಲ್ಲ. ಅಷ್ಟರ ಮಟ್ಟಿಗೆ ತಾನು ಚೊಕ್ಕವಾಗಿದ್ದೇನೆಂದು ಅವನು ಒಳಗೊಳಗೇ ಅಂದುಕೊಂಡಿದ್ದ. ಲಿಖಿತ ಅಜ್ಜಿಯನ್ನು ದಾಟಿ ಅವನ ಕಡೆ ಬಗ್ಗಿದಳು.

"ಬಂದ ಕಣಮ್ಮ," ಎಂದ ಮುನಿಸ್ವಾಮಪ್ಪ. "ಮ್ಯಾಲೆ ಬಂದ. ನಾನೇ ಗಂಟೆ ಒಡೆದೆ. ಮಿಕ್ಕೋರು ಒಳಗವ್ರೆ ಅಂತ ತಿರ್ಗ ಇಳಿದ."

"ನೀವು ತಡೀಲಿಲ್ವಾ ತಾತಾ?"

"ತಡೆದೆ. ಕೇಳ್ಲಿಲ್ಲ."

"ಇಳಿಯೋವಾಗ ಏನಾದ್ರೂ ಅಂದ್ರಾ?"

ಮುನಿಸ್ವಾಮಪ್ಪ ನೆರವಿಗೆಂದು ಕೆಂಪಮ್ಮನ ಕಡೆ ನೋಡಿದ. ಸಾಕು ಅನ್ನಲಿ, ಪಿಚ್ಚರ್ ನೋಡು ಎಂದು ಮಗುವನ್ನು ಗದರಲಿ. ಕೆಂಪಮ್ಮ ಪರದೆ ಬಿಟ್ಟು ಅವನ ಕಡೆ ತಿರುಗಿ ಕೂತಿದ್ದಳು. ಮಂದವಾದ ಕಿವಿಯ ಹಿಂದೆ ಅಂಗೈ ಮಡಿಸಿ ಇಟ್ಟುಕೊಂಡಿದ್ದಳು. ಅವಳೂ ಕಾಯುತ್ತಿದ್ದಳು.

"ಅಂದ," ಎಂದ ಮುನಿಸ್ವಾಮಪ್ಪ. "ಕೆಂಪಮ್ಮಂಗೆ ಏಳು, ಎದ್ರಬ್ಯಾಡ ಅನ್ನು, ಬತ್ತೀನಿ ಅಂದ."

ಎಲ್ಲ ಗೊತ್ತಿದ್ದ ಕೆಂಪಮ್ಮ ಆ ಮಾತು ಕೇಳಿ ಬಿಕ್ಕಿ ಬಿಕ್ಕಿ ಅತ್ತಳು.